ಬಚ್ಚಲ ಗೋಡೆಯ ಎಲ್ಬೋ

ಭಾನುವಾರ, ಹತ್ತೊಂಬತ್ತನೇ ತಾರೀಖು

ಪ್ರೀತಿಯ ಪಾನಾ,

ಹೇಗಿದ್ದೀಯ ಎಂದು ಕೇಳುವ ಮೊದಲೇ ಬೈಸಿಕೊಳ್ಳಲು ತಯಾರಾಗಿ ಕೂತಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಕನ್ನಡಕದ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದೆ. ಡಬ್ಬಿ ತೆಗೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು, ನಾನು ಡಬ್ಬಿಯನ್ನು ಮತ್ತೆ ಅದರ ಮೇಲೇ ಇಡುತ್ತಿದ್ದೆ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕತೆ ನನಗೆ ಗೊತ್ತಿಲ್ಲವೇ? ಆಯುಷ್ಯವಿಡೀ ಕಬ್ಬಿಣದ ಪೈಪಿನ ಮೇಲೆ ಸುತ್ತಿಗೆ ಬಡಿದು ಸಂಪಾದಿಸಿದ ಕಿವುಡು ಅದು. ಹೋದ ಸಲ ಅರ್ಧ ಗಂಟೆ ಕೂಗಾಡಿ ಫೋನು ಇಟ್ಟ ಮೇಲೆ ಪಕ್ಕದ ಮನೆಯವರು ಬಂದು "ಏನು ಜಗಳ?" ಎಂದು ವಿಚಾರಿಸಿದರು. ನಮ್ಮಿಬ್ಬರಿಗೆ ಕಾಗದವೇ ಸರಿ.

ನಿನ್ನ ಸೊಂಟ ನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಅತ್ತಿಗೆ ಏಣಿ ಹತ್ತಲು ಬಿಡುತ್ತಿಲ್ಲವಂತೆ, ಒಳ್ಳೆಯದನ್ನೇ ಮಾಡಿದ್ದಾರೆ. ಆದರೆ ಕಾಗದದ ಕೊನೆಯಲ್ಲಿ ನೀನು ಬರೆದ ಮಾತು ನನ್ನನ್ನು ಬಿಡಲಿಲ್ಲ. "ಕಂಟ್ರಾಕ್ಟರು ಈಚೆಗೆ ನನ್ನನ್ನು ಕೆಲಸಕ್ಕೆ ಕರೆಯುತ್ತಿಲ್ಲ. ದಾರಿಯಲ್ಲಿ ಸಿಕ್ಕರೂ ಗಾಡಿ ನಿಲ್ಲಿಸುವುದಿಲ್ಲ. ಊಟಕ್ಕೇನೂ ತೊಂದರೆಯಿಲ್ಲ, ಮಗ ನೋಡಿಕೊಳ್ಳುತ್ತಾನೆ. ಆದರೆ ಬೆಳಿಗ್ಗೆ ಎದ್ದು ಚೀಲ ಹೆಗಲಿಗೆ ಹಾಕದಿದ್ದರೆ ನನಗೆ ದಿನವೇ ಹೋಗುವುದಿಲ್ಲ. ನಿನ್ನ ಮನೆಯ ಪೈಪು ಬದಲಾಯಿಸಿದ್ದು ಅವನೇ ಅಂತೆ. ನಾನೇನು ತಪ್ಪು ಮಾಡಿದೆ ಎಂದು ಒಂದು ಮಾತು ಕೇಳಿ ನೋಡು" ಎಂದು ಬರೆದಿದ್ದೆ.

ಅದಕ್ಕೆ ಬರುತ್ತೇನೆ. ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ, ಎರಡೂ ಒಂದೇ ದಾರದಲ್ಲಿವೆ.

ನಾವಿಬ್ಬರು ಸೇರಿ ಹಾಕಿದ ಪೈಪು ಈಗ ನಮ್ಮ ಗೋಡೆಯಲ್ಲಿಲ್ಲ. ಬಚ್ಚಲು, ಅಡುಗೆಮನೆ, ಮಹಡಿಯ ತೊಟ್ಟಿ, ಎಲ್ಲ ಕಡೆ ಬಿಳಿ ಪ್ಲಾಸ್ಟಿಕ್ಕು ಬಂದಿದೆ. ಅಂಟು ಹಚ್ಚುತ್ತಾರೆ, ಸಿಕ್ಕಿಸುತ್ತಾರೆ, ಕೈ ಒರೆಸಿಕೊಂಡು ಹೋಗುತ್ತಾರೆ. ಪೈಪಿನ ತುದಿಗೆ ತಿರುಪು ಕೊರೆಯುವುದಿಲ್ಲ, ಸೆಣಬಿನ ನಾರು ಸುತ್ತುವುದಿಲ್ಲ, ಮೈಮೇಲೆ ಒಂದು ಹನಿ ಬೆವರಿಲ್ಲ. ನೋಡಿದ್ದರೆ ನೀನು ಅಲ್ಲೇ ಉಗಿಯುತ್ತಿದ್ದೆ. ನಾವು ರಜೆಯ ದಿನಗಳಲ್ಲಿ ಇದೇ ಮನೆಗೆ ಲೈನು ಎಳೆದದ್ದು ನೆನಪಿದೆಯಾ? ಬಚ್ಚಲ ಗೋಡೆಯ ಮೂಲೆಯಲ್ಲಿ ಪೈಪು ತಿರುಗುವ ಕಡೆ ಎಲ್ಬೋ ಕೂರಿಸಬೇಕಿತ್ತು. "ಬಿಡೋ, ಆ ಮೂಲೆಗೆ ನನ್ನ ಕೈ ಚೆನ್ನಾಗಿ ಹೋಗುತ್ತೆ" ಅಂದೆ ನೀನು. "ನನ್ನ ಮನೆ ಬಚ್ಚಲಿಗೆ ನಾನೇ ಹಾಕ್ತೀನಿ, ನೀನು ಸುಮ್ಮನೆ ಹಿಡ್ಕೋ" ಅಂದೆ ನಾನು. ಅವತ್ತಿನಿಂದ ನಿನ್ನ ಬಾಯಲ್ಲಿ ನಾನು ಹಟಮಾರಿ, ಕೈಯಿಂದ ಪಾನಾ ಬಿಡದ ನೀನು ನನ್ನ ಬಾಯಲ್ಲಿ ಪಾನಾ. ಆ ಎಲ್ಬೋ ಇಷ್ಟು ವರ್ಷ ಒಂದು ತೊಟ್ಟೂ ಸೋರಲಿಲ್ಲ.

ಹಾಗಾದರೆ ಯಾಕೆ ತೆಗೆಸಿದೆ ಎಂದು ನೀನು ಕೇಳುತ್ತೀಯ. ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ನೆಲ ಒದ್ದೆಯಾಗತೊಡಗಿತು. ಮೊದಲು ನೋಡಿದ್ದು ಮಗಳು. ಬಟ್ಟೆಯ ರಾಶಿ ಹೊತ್ತು ಬರುತ್ತಿದ್ದವಳು ಜಾರಿ ಗೋಡೆ ಹಿಡಿದುಕೊಂಡಳು. "ಅಪ್ಪಾ, ಇಲ್ಲಿ ನೀರು ನಿಂತಿದೆ ನೋಡು" ಅಂದಳು. ಒರೆಸಿದೆವು. ಎರಡು ದಿನಕ್ಕೆ ಮತ್ತೆ ಬಂತು. ಅಳಿಯ ಎಲ್ಲದಕ್ಕೂ ಕಾರಣ ಹುಡುಕುವ ಮನುಷ್ಯ. ನೆಲದ ಮೇಲೆ ಮಂಡಿಯೂರಿ ಕೂತು, ತಲೆ ಎತ್ತಿ, "ಮಾವ, ಊರಿಗೆಲ್ಲ ಪೈಪು ಹಾಕಿದವರು ನೀವು. ನೀವೇ ಹೇಳಿ, ಎಲ್ಲಿಂದ ಬರ್ತಿದೆ ಇದು?" ಎಂದು ಕೇಳಿದ.

ಇಲ್ಲಿಂದ ಮುಂದಿನದನ್ನು ಅತ್ತಿಗೆಯ ಎದುರಿಗೆ ಓದಬೇಡ. ಆ ನೀರು ಪೈಪಿನದಲ್ಲ ಕಣೋ, ನನ್ನದು.

ಮೂತ್ರ ತಡೆಯುವುದಕ್ಕೆ ಆಗುತ್ತಿರಲಿಲ್ಲ. ಕುರ್ಚಿಯಿಂದ ಏಳುವಷ್ಟರಲ್ಲಿ ಅವಸರ ಶುರುವಾಗುತ್ತಿತ್ತು. ಓಣಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಯಾರಾದರೂ ನೋಡುವ ಮೊದಲು ಒಂದು ಚೊಂಬು ನೀರು, ಒಂದಿಷ್ಟು ಫಿನಾಯಿಲು ಸುರಿದು ನನ್ನ ಟವೆಲಿನಿಂದಲೇ ಉಜ್ಜುತ್ತಿದ್ದೆ. ಬಗ್ಗಿ ಪೂರ್ತಿ ಒರೆಸಲು ನನ್ನ ಮಂಡಿ ಬಿಡುತ್ತಿರಲಿಲ್ಲ. ಉಳಿದದ್ದು ಅವರ ಕಾಲಿಗೆ ಸಿಗುತ್ತಿತ್ತು. ನನ್ನ ಹೆಂಡತಿ ಬದುಕಿದ್ದಿದ್ದರೆ ಮೊದಲ ದಿನವೇ ನನ್ನ ಪಂಚೆ ನೋಡಿ ಕಂಡುಹಿಡಿಯುತ್ತಿದ್ದಳು. ನಾಲ್ಕು ಮಾತು ಅಂದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಮಗಳಿಗೆ ಹೇಗೆ ಹೇಳಲಿ? ಅಳಿಯನಿಗಂತೂ ಜೀವ ಹೋದರೂ ಹೇಳಲಾರೆ ಎಂದುಕೊಂಡಿದ್ದೆ.

ಅದಕ್ಕೇ ಅಳಿಯ ಕೇಳಿದಾಗ ನಾನು ಏನು ಮಾಡಿದೆ ಗೊತ್ತೇ? ಗೋಡೆಗೆ ಕಿವಿ ಇಟ್ಟೆ. ಬೆರಳಿನಿಂದ ಮೇಲೆ ಕೆಳಗೆ ತಟ್ಟಿದೆ. ಕಣ್ಣು ಮುಚ್ಚಿ ತಲೆಯಾಡಿಸಿ, "ಒಳಗಡೆ ಎಲ್ಬೋ ಸೋರ್ತಿದೆ. ಹಳೇ ಕಬ್ಬಿಣ, ಇನ್ನು ನಂಬೋ ಹಾಗಿಲ್ಲ" ಎಂದು ತೀರ್ಪು ಕೊಟ್ಟೆ. ಜೀವಮಾನದಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಕಿವಿಯಿಟ್ಟು ನಿಜ ಹೇಳಿದ್ದೇನೆ. ಸುಳ್ಳು ಹೇಳಿದ್ದು ನನ್ನ ಮನೆಯಲ್ಲಿ, ನಾನೇ ಹಾಕಿದ ಪೈಪಿನ ಮೇಲೆ. ಅಳಿಯ ಆಗಲೇ ಕಂಟ್ರಾಕ್ಟರಿಗೆ ಫೋನು ಮಾಡಿದ. ನನ್ನ ಮಾತೆಂದರೆ ಅವನಿಗೆ ಅಷ್ಟು ನಂಬಿಕೆ.

ಕಂಟ್ರಾಕ್ಟರು ಬಂದ. ಗೋಡೆ ಒಡೆಯುವಾಗ ನಾನು ಅಲ್ಲೇ ನಿಂತಿದ್ದೆ. ಗಾರೆ ಉದುರಿ ಎಲ್ಬೋ ಹೊರಗೆ ಬಂತು. ಸೋರದಿರಲೆಂದು ನಾವು ಬಳಿದ ಬಿಳಿ ಬಣ್ಣ ಇನ್ನೂ ತಿರುಪಿನಂಚಿನಲ್ಲಿ ಹಾಗೇ ಇತ್ತು. ಬುಡದ ಇಟ್ಟಿಗೆ ಮಾತ್ರ ಒದ್ದೆ, ಯಾರ ಕೃಪೆಯಿಂದ ಎಂದು ಬೇರೆ ಹೇಳಬೇಕೇ? ಕಂಟ್ರಾಕ್ಟರು ಅಳಿಯನ ಜೊತೆ ಮಾತಾಡಲು ಆಚೆ ಹೋಗಿದ್ದಾಗ ಕೆಲಸದವನ ಸುತ್ತಿಗೆ ಜಾರಿ ನೇರವಾಗಿ ಎಲ್ಬೋ ಮೇಲೆ ಬಿತ್ತು. ಟಕ್ ಎಂದು ಸೀಳಿತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ.

ಕಂಟ್ರಾಕ್ಟರು ಒಳಗೆ ಬಂದವನೇ ಬಿರುಕು ನೋಡಿ, "ಇಲ್ಲಿದ್ದಾನೆ ನೋಡಿ ಕಳ್ಳ! ಬಿಗಿ ಮಾಡೋಕೆ ಬರದೆ ಸಿಕ್ಕಾಪಟ್ಟೆ ತಿರುಗಿಸಿದ್ದಾರೆ, ಅದಕ್ಕೇ ಬಿಟ್ಕೊಂಡಿದೆ. ಯಾರು ಸಾರ್ ಇದನ್ನ ಕೂರಿಸಿದ್ದು, ನೀವಾ?" ಎಂದ. ಹಳೆಯ ಬಿರುಕಾದರೆ ಒಳಗೆಲ್ಲ ತುಕ್ಕು ಹಿಡಿದು ಕಂದಾಗಿರುತ್ತದೆ. ಇದು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಸರಿಯಾಗಿ ನೋಡಲಿಲ್ಲ, ನಾನು ತೋರಿಸಲಿಲ್ಲ. ಅಳಿಯನೂ ನನ್ನ ಮುಖವನ್ನೇ ನೋಡುತ್ತಿದ್ದ. ಏನೋ ಒಂದು ಹೇಳಿ ಮಾತು ತೇಲಿಸಿದೆ.

ವಾರವೆಲ್ಲ ಮನೆಯಲ್ಲಿ ಧೂಳು, ಬಡಿತ. ಪಾತ್ರೆ ಪಗಡ ಎಲ್ಲ ನಡುಮನೆಗೆ ಬಂದವು. ಮಗಳು ಬೀದಿಯ ನಲ್ಲಿಯಿಂದ ಕೊಡ ಹೊತ್ತಳು. ನನಗೆ ಸ್ನಾನಕ್ಕೆ ಬಿಸಿನೀರು ಕಾಯಿಸಿ ಕೊಟ್ಟು, "ಹೊಸ ಪೈಪು ಬಂದ್ಮೇಲೆ ಅಪ್ಪನಿಗೆ ಜಾರೋ ಭಯ ಇರಲ್ಲ" ಅಂದಳು. ಎಲ್ಲವೂ ನನ್ನ ಕಾಲಿನ ಚಿಂತೆಗಾಗಿ! ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೂ ಹೇಳಲಿಲ್ಲ.

ಗಾರೆ ಒಣಗುವ ಮೊದಲೇ ಓಣಿ ಮತ್ತೆ ಒದ್ದೆ. ಅಳಿಯ ಸಿಟ್ಟಿನಿಂದ ಕಂಟ್ರಾಕ್ಟರನ್ನು ಕರೆಸಿದ. ಅವನು ಬೆಳಿಗ್ಗೆಯೇ ಬಂದು ದೊಡ್ಡ ವಾಲ್ವು ಮುಚ್ಚಿದ, ನಲ್ಲಿಗಳನ್ನೆಲ್ಲ ಖಾಲಿ ಮಾಡಿದ, ಓಣಿಯ ತುಂಬ ಹಳೆಯ ಪೇಪರು ಹಾಸಿ, "ಸಂಜೆ ಬಂದು ನೋಡ್ತೀನಿ" ಎಂದು ಹೋದ. ಅವತ್ತು ನಾನು ಒಂದು ಲೋಟ ನೀರೂ ಕುಡಿಯಲಿಲ್ಲ. ಕಾಫಿ ಬೇಡವೆಂದೆ. ಗೊಂಬೆಯ ಹಾಗೆ ಕುರ್ಚಿಯಲ್ಲಿ ಕೂತೆ. ಆದರೂ ಮೈ ನನ್ನ ಮಾತು ಕೇಳಲಿಲ್ಲ.

ಸಂಜೆ ಅವನು ಪೇಪರು ಎತ್ತಿ ಹಿಡಿದು, "ಲೈನೇ ಬಂದ್ ಆಗಿದೆ. ನೀರೆಲ್ಲಿಂದ ಬಂತು?" ಎಂದ. ಅಳಿಯ ಸೂರು ನೋಡಿದ. ನಾನು ನನ್ನ ಕಾಲಿನ ಉಗುರು ನೋಡಿದೆ. ಮಗಳು ನನ್ನತ್ತ ಒಮ್ಮೆ ನೋಡಿ, "ನನ್ನ ಕೈಯಿಂದಲೇ ಬಕೆಟ್ ತುಳುಕಿತು. ನಿಮ್ಮ ಕೆಲಸ ಸರಿಯಾಗಿದೆ, ಹೋಗಿಬನ್ನಿ" ಅಂದಳು. ಅವನು ಗೊಣಗುತ್ತ ಹೋದ.

ಆಮೇಲೆ ಅವಳು ಮಣೆ ಎಳೆದುಕೊಂಡು ನನ್ನ ಕುರ್ಚಿಯ ಪಕ್ಕ ಕೂತಳು.

"ಅಪ್ಪಾ, ಯಾವಾಗಿಂದ?"

"ಹೆಚ್ಚೇನಿಲ್ಲ."

"ಗೋಡೆ ಒಡೆಸೋ ಬದಲು ನನಗೊಂದು ಮಾತು ಹೇಳೋಕಾಗಲಿಲ್ವಾ? ಚಿಕ್ಕವಳಿದ್ದಾಗ ನನ್ನ ಬಟ್ಟೆ ನೀನು ಬದಲಾಯಿಸಿಲ್ವಾ?"

ಪಾನಾ, ನಾನು ಮುಖ ಮುಚ್ಚಿಕೊಂಡು ಅತ್ತೆ. ಅವಳು ಎದ್ದು ಹೋಗಲಿಲ್ಲ.

ಡಾಕ್ಟರು ಈ ವಯಸ್ಸಿಗೆ ಇದು ಮಾಮೂಲು ಎಂದರು. ಒಂದು ಚೀಟಿಯ ಮೇಲೆ ಮೂತ್ರದ ಚೀಲ, ನಾಳ ಎಲ್ಲ ಬರೆದು ವಿವರಿಸತೊಡಗಿದರು. "ಸಾರ್, ಈ ಕೆಲಸ ನನಗೂ ಸ್ವಲ್ಪ ಬರುತ್ತೆ" ಅಂದೆ. ಮಾತ್ರೆ ಕೊಟ್ಟಿದ್ದಾರೆ. ಈಗ ಎಷ್ಟೋ ವಾಸಿ. ಅಳಿಯ ಆ ವಿಷಯ ಎತ್ತೇ ಇಲ್ಲ. ಒಂದು ದಿನ ಸಂಜೆ ನನ್ನ ಕುರ್ಚಿಯನ್ನು ಬಚ್ಚಲ ಬಾಗಿಲಿಗೆ ಹತ್ತಿರ ಸರಿಸಿ, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಮಾವ" ಎಂದ. ಅಲ್ಲಿ ಕಿಟಕಿಯೇ ಇಲ್ಲ. ನಾನು ಅಲ್ಲೇ ಕೂರುತ್ತೇನೆ.

ನೀನು ಹೇಳಿದಂತೆ ಕಂಟ್ರಾಕ್ಟರನ್ನು ಕಂಡು ಮಾತಾಡುತ್ತೇನೆ. ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗಳು ಶಾಲೆಯಲ್ಲಿ ಓಟದಲ್ಲಿ ಗೆದ್ದಳಂತಲ್ಲ, ಅವಳು ಹೀಗೇ ಓಡುತ್ತಿರಲಿ, ನಿನ್ನ ಹಾಗೆ ಏಣಿ ಹತ್ತದಿರಲಿ. ನಿನ್ನ ಸೊಂಟ ಗಟ್ಟಿಯಾಗಲಿ, ನಿನ್ನ ಚೀಲ ಮತ್ತೆ ನಿನ್ನ ಹೆಗಲಿಗೆ ಬರಲಿ.

ನಿನ್ನ
ಹಟಮಾರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬರೆದಿಲ್ಲ. ಎಲ್ಬೋ ಕೂರಿಸಿದ್ದು ಯಾರು ಎಂದು ಕಂಟ್ರಾಕ್ಟರು ಕೇಳಿದಾಗ ಏನೋ ಹೇಳಿ ಮಾತು ತೇಲಿಸಿದೆ ಎಂದೆನಲ್ಲ, ನಾನು ಹೇಳಿದ್ದು ನಿನ್ನ ಹೆಸರು. "ಅದು ನನ್ನ ಕೈಯದಲ್ಲ, ಅವನದು" ಅಂದೆ. ಅವನು ಬೆಚ್ಚಿ, "ಅಯ್ಯೋ, ಅವರ ಕೈಲಿ ನಾನಿನ್ನೂ ಕೆಲಸ ಮಾಡಿಸ್ತಿದ್ದೀನಲ್ಲ ಸಾರ್!" ಎಂದ. ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು "ಅವನಿಗೂ ವಯಸ್ಸಾಯ್ತು" ಅಂದೆ. ನಿನ್ನನ್ನು ಅವನು ಕರೆಯದಿರುವುದು ಅದಕ್ಕೆ. ನೀನು ಮಾಡಿದ ತಪ್ಪು ಏನೂ ಇಲ್ಲ.

ನಿನ್ನ ಕಾಗದ ಬಂದ ಮೇಲೆ, ಎತ್ತಿಟ್ಟಿದ್ದ ಆ ಒಡೆದ ಎಲ್ಬೋ ಚೀಲದಲ್ಲಿ ಹಾಕಿಕೊಂಡು ಅವನ ಅಂಗಡಿಗೆ ಹೋಗಿದ್ದೆ. ನಾಲ್ಕು ಜನ ಕೂತಿದ್ದರು. "ಆ ಎಲ್ಬೋ ಕೆಟ್ಟಿರಲಿಲ್ಲ" ಎಂದೆ. "ಹಾಗಾದ್ರೆ ನೆಲ ಯಾಕೆ ಒದ್ದೆಯಾಗಿತ್ತು ಸಾರ್?" ಎಂದು ಅವನು ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಡಬ್ಬಿ ಅಂಟು ಕೊಂಡು ವಾಪಸು ಬಂದೆ.

ನಾಳೆ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ಜೊತೆಗೆ ಬರಲಾ ಎಂದು ಮಗಳು ಕೇಳಿದಳು, ಬೇಡವೆಂದೆ. ಈ ಕಾಗದವನ್ನು ಮಾತ್ರ ಈಗಲೇ ಅವಳ ಕೈಯಲ್ಲಿ ಕೊಟ್ಟು ಅಂಚೆ ಡಬ್ಬಿಗೆ ಹಾಕಿಸುತ್ತಿದ್ದೇನೆ. ನಾಳೆ ನಾನು ಮತ್ತೆ ಹೇಳದೆ ಬಂದರೂ ನಿನಗೆ ಗೊತ್ತಿರಲಿ, ಆ ಮೂಲೆಗೆ ನೀನು ಕೈಯೇ ಹಾಕಿರಲಿಲ್ಲ, ನಾನು ಬಿಟ್ಟಿರಲಿಲ್ಲ.