ಅಕ್ಕನ ಕಂಪ್ಯೂಟರಿನ ಬಾಯಿ ಕಟ್ಟಿದವರಿಗೆ

ನೀರು ಸರಬರಾಜು ಮಂಡಳಿಯ ಮಾಹಿತಿ ತಂತ್ರಜ್ಞಾನ ವಿಭಾಗದ ಮಾನ್ಯ ಮುಖ್ಯಸ್ಥರೇ,

ಕಣ್ಣು ಕಾಣದ ಹೆಂಗಸೊಬ್ಬಳು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ನಿಮ್ಮ ಕಚೇರಿಯ ಭದ್ರತೆಗೆ ಅಪಾಯವೆಂದು ನೀವು ಕಂಡುಹಿಡಿದಿದ್ದೀರಿ. ಆ ಹೆಂಗಸು ನನ್ನ ಅಕ್ಕ. ನಿಮ್ಮ ದೂರು ವಿಭಾಗದಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುತ್ತಾಳೆ. 'ಕೂರುತ್ತಾಳೆ' ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಅವಳ ಕಂಪ್ಯೂಟರಿಗೆ ನೀವು ಪಾಸ್‌ವರ್ಡ್ ಜಡಿದ ಮೇಲೆ ಅವಳಿಗೆ ಅಲ್ಲಿ ಉಳಿದಿರುವ ಕೆಲಸ ಅದೊಂದೇ. ನೌಕರರು ಪತ್ರಿಕೆಗೆ ಬರೆಯಕೂಡದೆಂಬ ನಿಯಮ ಅವಳ ಕೈ ಕಟ್ಟಿದೆ. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನನ್ನ ಕೈ ಕಟ್ಟುವ ನಿಯಮವನ್ನು ನಿಮ್ಮ ಮಂಡಳಿ ಇನ್ನೂ ತಯಾರಿಸಿಲ್ಲ.

ಅಕ್ಕ ನಿಮ್ಮಲ್ಲಿ ಸೇರಿದಾಗ ಎಲ್ಲರಂತೆ ಕಣ್ಣಿದ್ದವಳೇ. ಆಮೇಲೆ ದೃಷ್ಟಿ ಅಂಚಿನಿಂದ ಒಳಗೊಳಗೆ ಮುಚ್ಚುತ್ತಾ ಬಂತು. ಪೂರ್ತಿ ಹೋದಾಗ ಮಂಡಳಿಯೇ ಅವಳಿಗೆ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕೊಂಡುಕೊಟ್ಟಿತ್ತು. ಅಂದಿನ ಅಧಿಕಾರಿಗಳಿಗೆ ಈಗಲೂ ನಮಸ್ಕಾರ. ನೀವು ಬಂದಿರಿ, ಹಳೆಯ ಕಂಪ್ಯೂಟರುಗಳು ಹೋದವು, ಹೊಸವು ಬಂದವು. ಹಳೆಯದರ ಜೊತೆ ಅವಳ ಓದುವ ತಂತ್ರಾಂಶವೂ ಗುಜರಿ ಸೇರಿತು. ಅಕ್ಕ ಅರ್ಜಿ ಕೊಟ್ಟಳು. ಪರಿಶೀಲನೆಯಲ್ಲಿದೆ ಎಂದಿರಿ. ಮತ್ತೆ ಕೊಟ್ಟಳು. ಮತ್ತೆ ಪರಿಶೀಲನೆ. ಅಷ್ಟು ದೀರ್ಘವಾಗಿ ಪರಿಶೀಲಿಸಲು ಅದರಲ್ಲೇನಿತ್ತು, ಮಾನ್ಯರೇ?

ದಾರಿ ತೋರಿಸಿದ್ದು ಅಕ್ಕನ ಗೆಳತಿ, ಅಂಧರಿಗೆ ಕಂಪ್ಯೂಟರ್ ಕಲಿಸುವ ಶಿಕ್ಷಕಿ. ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಇದೆಯಂತೆ, ಓದಿ ಹೇಳುವ ತಂತ್ರಾಂಶ ಅದರೊಳಗೇ ಇರುತ್ತದಂತೆ, ಇಡಿಯಾಗಿ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದಂತೆ. ಒಂದು ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ನಮ್ಮ ಪ್ರಯೋಗ ಶುರುವಾಯಿತು. ಭಾವ ಬಸ್ ಓಡಿಸುವವರು. ಸ್ಟೇರಿಂಗ್ ಹಿಡಿದಷ್ಟೇ ಧೈರ್ಯದಿಂದ ಮೌಸ್ ಹಿಡಿದು, ಇಳಿಸಿಕೊಂಡ ಫೈಲನ್ನು ಪೆನ್‌ಡ್ರೈವ್‌ಗೆ ಎಳೆದುಹಾಕಿದರು. ಏನೂ ಆಗಲಿಲ್ಲ.

ಗೆಳತಿ ಫೋನಿನಲ್ಲೇ ನಕ್ಕರು. "ಸುಮ್ನೆ ಕಾಪಿ ಮಾಡಿದ್ರೆ ಅದು ಏಳಲ್ಲ ಕಣ್ರೀ. ಪೆನ್‌ಡ್ರೈವ್‌ಗೆ ಬರೆಯೋಕೆ ಅಂತಲೇ ಒಂದು ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಬರೀರಿ."

ಬರೆದೆವು. ಆನ್ ಮಾಡಿದ ಕೂಡಲೇ ಒಂದು ಕೀಲಿ ಒತ್ತಿದರೆ, ತನ್ನೊಳಗಿನ ಡಿಸ್ಕಿನಿಂದ ಏಳಲೋ ಪೆನ್‌ಡ್ರೈವ್‌ನಿಂದಲೋ ಎಂದು ಕಂಪ್ಯೂಟರ್ ಕೇಳುತ್ತದೆ. ಆದರೆ ಆ ಪರದೆ ಮಾತಾಡುವುದಿಲ್ಲ. ಭಾವ ಓದಿ ಹೇಳಿದರು. ಕೆಳಗಿನ ಬಾಣ ಒಮ್ಮೆ, ಆಮೇಲೆ ಎಂಟರ್ ಎಂದು ಅಕ್ಕ ಬೆರಳಿಗೇ ಪಾಠ ಮಾಡಿಸಿಕೊಂಡಳು. ಸ್ವಲ್ಪ ಹೊತ್ತು ಕಾದು, ಗೆಳತಿ ಹೇಳಿಕೊಟ್ಟ ಕೀಲಿಗಳನ್ನು ಒಟ್ಟಿಗೆ ಅದುಮಿದಳು. ಪೆಟ್ಟಿಗೆ ಬಾಯಿಬಿಟ್ಟಿತು.

"ಇದೇನೇ, ನೆಗಡಿ ಆದವನ ಥರ ಮಾತಾಡುತ್ತೆ!" ಎಂದರು ಭಾವ.

"ನಿಮ್ಮ ಗೊರಕೆಗಿಂತ ಎಷ್ಟೋ ವಾಸಿ. ಸುಮ್ನಿರಿ, ಕೇಳಿಸ್ಕೋಬೇಕು ನಾನು."

ಅಂದು ಅವಳು ಪರದೆಯ ಮೇಲಿದ್ದದ್ದನ್ನೆಲ್ಲ ಓದಿಸಿಕೊಂಡಳು. ತಾರೀಖು, ಗಂಟೆ, ಕಸದ ಬುಟ್ಟಿ ಖಾಲಿ ಇದೆ ಎಂಬುದನ್ನೂ ಬಿಡಲಿಲ್ಲ. ಊಟಕ್ಕೆ ಕರೆದರೆ ಏಳಲಿಲ್ಲ.

ಮಾರನೆಯ ದಿನ ತನ್ನ ಮೇಲ್ವಿಚಾರಕರಿಗೆ ಹೇಳಿಯೇ ಅದನ್ನು ಕಚೇರಿಯಲ್ಲಿ ಹಚ್ಚಿದಳು. "ಕೆಲಸ ಆದ್ರೆ ಸಾಕಮ್ಮ, ಯಾವುದ್ರಲ್ಲಾದ್ರೂ ಮಾಡಿ," ಎಂದರಂತೆ ಅವರು. ನಿಮ್ಮ ಕಂಪ್ಯೂಟರಿನೊಳಗಿನ ಡಿಸ್ಕನ್ನು ಅಕ್ಕ ಮುಟ್ಟಲಿಲ್ಲ. ಪೆನ್‌ಡ್ರೈವ್‌ನಿಂದ ಎಬ್ಬಿಸುವುದು, ನಿಮ್ಮದೇ ದೂರಿನ ಜಾಲತಾಣ ತೆರೆಯುವುದು, ನೀವೇ ಕೊಟ್ಟ ಗುಪ್ತಪದ ಹಾಕಿ ಒಳಹೋಗುವುದು, ಜನರ ದೂರುಗಳನ್ನು ಕೇಳಿಸಿಕೊಂಡು ಉತ್ತರ ಬರೆಯುವುದು, ಸಂಜೆ ಪೆನ್‌ಡ್ರೈವ್ ಕಿತ್ತು ಪರ್ಸಿಗೆ ಹಾಕಿಕೊಳ್ಳುವುದು. ಆ ಕೆಲವು ತಿಂಗಳು ಅಕ್ಕ ಮನೆಗೆ ಬಂದು ಕಚೇರಿಯ ಜಗಳಗಳನ್ನೆಲ್ಲ ಹೇಳುತ್ತಿದ್ದಳು. ಜಗಳವಾಡಲು ಅವಳಿಗೊಂದು ಕಚೇರಿ ಮರಳಿ ಸಿಕ್ಕಿತ್ತು.

ಆಮೇಲೊಂದು ಬೆಳಿಗ್ಗೆ ಎಂದಿನಂತೆ ಕೀಲಿ ಒತ್ತಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಾದಳು. ದನಿ ಬರಲಿಲ್ಲ. ತನ್ನ ಬೆರಳೇ ತಪ್ಪಿತೆಂದು ಆರಿಸಿ ಮತ್ತೆ ಹಚ್ಚಿದಳು. ಹೆಡ್‌ಫೋನ್ ಕೆಟ್ಟಿತೇನೋ ಎಂದು ಅದನ್ನು ತಿರುವಿ ಮುರುವಿ ನೋಡಿದಳು. ಕಡೆಗೆ ಪಕ್ಕದ ಮೇಜಿನಾಕೆ ಬಗ್ಗಿ ನೋಡಿ, "ಅಕ್ಕಾ, ಏನೋ ಪಾಸ್‌ವರ್ಡ್ ಕೇಳ್ತಿದೆ ಇದು. ನಮಗ್ಯಾರಿಗೂ ಗೊತ್ತಿಲ್ಲ," ಎಂದಳು. ಇಡೀ ಬೆಳಗು ಅಕ್ಕ ಗುದ್ದಾಡಿದ್ದು, ಪೆನ್‌ಡ್ರೈವ್‌ನಿಂದ ಏಳದಂತೆ ನೀವು ಹಾಕಿದ್ದ ಬೀಗದೊಡನೆ. ಬೀಗ ಹಾಕುವ ಮುನ್ನ ಹಿಂದಿನ ಸಂಜೆ ಒಂದು ಮಾತು ಹೇಳಿ ಕಳಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮಧ್ಯಾಹ್ನ ನಿಮ್ಮ ಜವಾನ ಬಂದು ಪೆನ್‌ಡ್ರೈವನ್ನು ಲಕೋಟೆಯಲ್ಲಿ ಹಾಕಿ ಅರಗು ಒತ್ತಿ ಒಯ್ದ. ಬದಲಿಗೆ ಒಂದು ನೋಟೀಸು ಕೊಟ್ಟ. 'ಅನಧಿಕೃತ ಕಾರ್ಯವ್ಯವಸ್ಥೆಯನ್ನು ಚಾಲನೆಗೊಳಿಸಿದ' ಆರೋಪ. ಕೆಳಗೆ, 'ಓದಿ ಅರ್ಥಮಾಡಿಕೊಂಡಿದ್ದೇನೆ' ಎಂದು ಸಹಿಗೆ ಜಾಗ. ಓದಿ ಹೇಳಪ್ಪಾ ಎಂದರೆ, ಗೌಪ್ಯ ಮೇಡಂ, ನಾವು ಓದೋಹಾಗಿಲ್ಲ ಎಂದನಂತೆ. ಕಣ್ಣಿಲ್ಲದವಳಿಂದ ಓದುವ ಸಾಧನವನ್ನು ಕಿತ್ತುಕೊಂಡು, ಕಿತ್ತುಕೊಂಡ ಕಾರಣವನ್ನು ಓದಿಕೋ ಎಂದು ಕೈಗೆ ಕಾಗದ ಕೊಟ್ಟ ಕೀರ್ತಿ ನಿಮ್ಮದು. ಇಂಥ ಬುದ್ಧಿ ಎಲ್ಲರಿಗೂ ಬರುವುದಿಲ್ಲ.

ವಿಚಾರಣೆಗೆ ನಾನೇ ಅವಳ ಕೈ ಹಿಡಿದು ಕರೆತಂದೆ. ನಿಮಗೆ ನೆನಪಿರಬಹುದು, ಗೋಡೆಯ ಪಕ್ಕ ಕೂತಿದ್ದವಳು ನಾನು, ಬಾಯಿ ತೆರೆದರೆ ಹೊರಗೆ ಕಳಿಸುತ್ತೇನೆಂದು ನೀವು ಮೊದಲೇ ಹೇಳಿದಿರಿ.

"ಇದು ನಿಮ್ಮ ಸ್ವಂತ ಕಂಪ್ಯೂಟರ್ ಏನ್ರೀ?" ಎಂದಿರಿ.

"ಅಲ್ಲ ಸರ್."

"ಮತ್ತೆ ಬೇರೆ ಸಿಸ್ಟಮ್ ಯಾಕೆ ಹಾಕಿದ್ರಿ?"

"ಹಾಕಿಲ್ಲ ಸರ್, ಪೆನ್‌ಡ್ರೈವ್‌ನಿಂದ ಓಡಿಸಿದೆ. ಅದನ್ನ ತೆಗೆದ್ರೆ ನಿಮ್ಮದು ಹಾಗೇ ಇರುತ್ತೆ. ನಮ್ಮ ಮೇಲ್ವಿಚಾರಕರಿಗೂ ಹೇಳಿದ್ದೆ."

ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡರು. "ಹೇಳಿರಬಹುದು ಸರ್. ನನಗೆ ಅಷ್ಟಾಗಿ ಜ್ಞಾಪಕ ಇಲ್ಲ."

ಅಕ್ಕ ಆ ದನಿ ಬಂದ ಕಡೆಗೆ ಮುಖ ತಿರುಗಿಸಿದಳು, ಹಾಗೇ ಇದ್ದಳು. ಅವರು ಎದ್ದು ಫ್ಯಾನ್ ಜೋರು ಮಾಡಿದರು. ಆಗ ನೀವು ಕರುಣೆ ತೋರಿಸಿದಿರಿ: "ನೋಡಿಮ್ಮಾ, ನಿಮಗ್ಯಾಕೆ ಈ ಕಷ್ಟ? ಬಂದು ಕೂತ್ಕೊಳ್ಳಿ, ಸಂಬಳ ಬರುತ್ತೆ. ಯಾರೂ ಏನೂ ಅನ್ನಲ್ಲ."

"ಕೂತ್ಕೊಳ್ಳೋಕೆ ನಮ್ಮನೇಲೂ ಕುರ್ಚಿ ಇದೆ ಸರ್," ಎಂದಳು ಅಕ್ಕ. ಆ ಮಾತಿಗೆ ನೀವು 'ಉದ್ಧಟತನ' ಎಂಬ ಹೊಸ ಆರೋಪ ಸೇರಿಸಿ ಎಚ್ಚರಿಕೆಯ ಪತ್ರ ಕೊಟ್ಟಿರಿ.

ಅಪಾಯವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಯಾರೋ ಕಳ್ಳ ತನ್ನ ಪೆನ್‌ಡ್ರೈವ್ ಚುಚ್ಚಿ ಮಂಡಳಿಯ ಕಡತ ದೋಚಬಹುದು. ಬಾಗಿಲಿಗೆ ಬೀಗ ಬೇಕು. ಆದರೆ ಬೀಗ ಹಾಕುವವರು ಒಳಗೆ ಯಾರಿದ್ದಾರೆಂದು ಒಮ್ಮೆ ಕೂಗಿ ಕೇಳುತ್ತಾರೆ. ನಿಮಗೆ ಅವಳ ಪೆನ್‌ಡ್ರೈವ್ ಮೇಲೆ ನಂಬಿಕೆ ಇಲ್ಲವೇ? ನೀವೇ ಪರೀಕ್ಷಿಸಿ ಒಂದನ್ನು ಮಾಡಿಕೊಡಿ. ಅದೂ ಬೇಡವೇ? ಅವಳ ಕಂಪ್ಯೂಟರಿನೊಳಗೇ ಲಿನಕ್ಸ್ ಸ್ಥಾಪಿಸಿ ಕೊಡಿ. ಒಬ್ಬ ಬಸ್ ಚಾಲಕ ಮತ್ತು ಒಬ್ಬ ದರ್ಜಿ ಒಂದು ಭಾನುವಾರ ಎಡವುತ್ತಾ ಮಾಡಿದ್ದನ್ನು ನಿಮ್ಮ ಇಡೀ ವಿಭಾಗ ಒಂದು ಕೆಲಸದ ದಿನದಲ್ಲಿ ಮಾಡಲಾರದೇ? ಅಥವಾ ಭದ್ರತೆ ಎಂಬುದು ಸೋಮಾರಿತನಕ್ಕೆ ನೀವಿಟ್ಟಿರುವ ಕಚೇರಿ ಭಾಷೆಯ ಹೆಸರೇ?

ಇಷ್ಟಾದ ಮೇಲೆ, ಕಳೆದ ವಾರ ನಿಮ್ಮ ಕಚೇರಿಯಿಂದಲೇ ಅಕ್ಕನಿಗೆ ಫೋನ್ ಬಂತು, ಎತ್ತಿಕೊಂಡವಳು ನಾನು. ಮಂಡಳಿಯ ವಾರ್ಷಿಕ ಸಮಾರಂಭದಲ್ಲಿ 'ಎಲ್ಲರಿಗೂ ಸ್ಫೂರ್ತಿಯಾದ ವಿಶೇಷಚೇತನ ನೌಕರರು' ಎಂದು ಅಕ್ಕನಿಗೆ ಸನ್ಮಾನವಂತೆ. ಫಲಕ ಕೊಡುವವರು ನೀವೇ ಅಂತೆ. ನಾನು ಫೋನ್ ಇಡಲು ಹೊರಟೆ. ಅಕ್ಕ ಕೈ ಹಿಡಿದು ತಡೆದಳು.

"ಬರ್ತಾಳೆ ಅಂತ ಹೇಳು."

"ತಲೆ ಕೆಟ್ಟಿದೆಯೇನೇ ನಿಂಗೆ?"

"ಸನ್ಮಾನ ಆದ್ಮೇಲೆ ಎರಡು ಮಾತಾಡಿ ಅಂತ ಮೈಕ್ ಕೊಡ್ತಾರಲ್ಲ, ಕೇಳು. ಕೊಡ್ತಾರೆ ತಾನೆ?"

ಕೇಳಿದೆ. ಖಂಡಿತ ಕೊಡ್ತೇವೆ ಎಂದರು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಸಮಾರಂಭದ ದಿನದೊಳಗೆ ಅವಳ ಕಂಪ್ಯೂಟರ್ ಮಾತಾಡಬೇಕು, ಎಚ್ಚರಿಕೆಯ ಪತ್ರ ರದ್ದಾಗಬೇಕು, ಅವಳ ಮೇಜಿಗೆ ದೂರುಗಳು ಮರಳಿ ಬರಬೇಕು. ಆಗ ಅವಳು ವೇದಿಕೆಯ ಮೇಲೆ ಧನ್ಯವಾದ ಹೇಳಿ ಇಳಿಯಬಹುದು. ಇಲ್ಲವಾದರೆ ಏನು ಹೇಳುತ್ತಾಳೋ ನನಗೂ ತಿಳಿಸಿಲ್ಲ; ಆದರೆ ಈಗೀಗ ಬಟ್ಟೆ ಮಡಚುತ್ತಾ ತನ್ನಷ್ಟಕ್ಕೆ ಅಭ್ಯಾಸ ಮಾಡುತ್ತಿರುತ್ತಾಳೆ, ನಡುನಡುವೆ ನಗುತ್ತಾಳೆ.

ಇಂತಿ,
ಸಭೆಯ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲಿರುವ,
ನಿಮ್ಮಿಂದ ಒಂದು ಒಳ್ಳೆಯ ಮಾತು ಕೇಳುವ ಆಸೆಯನ್ನು ಇನ್ನೂ ಪೂರ್ತಿ ಬಿಟ್ಟಿರದ ಮೂರ್ಖಳು,
ದೂರು ವಿಭಾಗದ ಆಕೆಯ ತಂಗಿ