ಹಸಿರು ಸೈಕಲ್ಲಿನ ಹುಡುಗಿ

ಮನೆಯಿಂದ,
ಹದಿನೇಳನೇ ತಾರೀಖು, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ, ಇಲ್ಲ ನಿಮ್ಮ ಕೋಚ್ ಇನ್ನೂ ತಕ್ಕಡಿ ಹಿಡಿದೇ ಬಡಿಸುತ್ತಾರಾ? ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮಪ್ಪನ ಕೆಮ್ಮು ವಾಸಿಯಾಗಿದೆ, ಬಾಯಿ ಮಾತ್ರ ವಾಸಿಯಾಗಿಲ್ಲ. ಫೋನ್ ಮಾಡಿದರೆ ನೀನು "ಚೆನ್ನಾಗಿದೀನಮ್ಮಾ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಅರ್ಧಕ್ಕೇ ಇಡುವ ಹಾಗಿಲ್ಲವಲ್ಲ, ಅದಕ್ಕೇ ಹೊಲಿಗೆ ಮಿಷನ್ನಿನ ಮೇಲಿನ ಬಟ್ಟೆ ಸರಿಸಿ ಬರೆಯಲು ಕೂತಿದ್ದೇನೆ.

ಈ ವರ್ಷ ನಮ್ಮ ತಂಡಕ್ಕೆ ಬೇರೆ ಕಂಪನಿಯ ಸೈಕಲ್ ಬಂದಿದೆ, ಅದು ನನಗೆ ಒಗ್ಗುತ್ತಿಲ್ಲ, ಅದಕ್ಕೇ ರೇಸಿನಲ್ಲಿ ಹಿಂದೆ ಬೀಳುತ್ತಿದ್ದೇನೆ, ಹೀಗೇ ಆದರೆ ಮುಂದಿನ ವರ್ಷ ತಂಡದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದೆಯಲ್ಲ. ಅಂದಿನಿಂದ ಅಪ್ಪನ ಸೈಕಲ್ ಅಂಗಡಿಯಲ್ಲಿ ದಿನವೂ ಅದೇ ಪಂಚಾಯಿತಿ. ಪಕ್ಕದ ಕಟಿಂಗ್ ಶಾಪಿನವರು ಕತ್ತರಿ ಹಿಡಿದುಕೊಂಡೇ ಬಂದು, "ಕಂಪನಿ ಅಂದ್ರೆ ಕಂಪನೀನೇ. ಹಳೇ ಸೈಕಲ್ ಕೊಟ್ಟಿದ್ರೆ ಹುಡುಗಿ ಗೆದ್ದೇ ಗೆಲ್ತಿದ್ಲು" ಎನ್ನುತ್ತಾರೆ. ಅತ್ತ ಅವರ ಅಂಗಡಿಯಲ್ಲಿ ಅರ್ಧ ಕಟಿಂಗ್ ಆದ ಗಿರಾಕಿ ಕನ್ನಡಿ ನೋಡುತ್ತಾ ಕೂತಿರುತ್ತಾನೆ. ಅಪ್ಪನದು ಒಂದೇ ವಾದ: "ಆ ಮಟ್ಟದಲ್ಲಿ ಎಲ್ಲಾ ಕಂಪನೀದೂ ಹೆಚ್ಚುಕಮ್ಮಿ ಒಂದೇ ಕಣ್ರೀ. ತುಳಿಯೋಳು ನನ್ನ ಮಗಳು ತಾನೆ?" ಹೀಗೆಂದವರೇ, ಯಾರೂ ಇಲ್ಲದಾಗ ಆ ಹೊಸ ಕಂಪನಿಗೆ ಹಿಡಿಶಾಪ ಹಾಕುತ್ತಾರೆ. ನಿನ್ನ ಮೊದಲ ಸೈಕಲ್ ಇನ್ನೂ ಅಂಗಡಿಯೊಳಗೆ ತೂಗುತ್ತಿದೆ. ಯಾರು ಕೇಳಿದರೂ ಮಾರುವುದಿಲ್ಲ, ಆದರೆ ತಪ್ಪದೆ ಗಾಳಿ ಹೊಡೆಯುತ್ತಾರೆ.

ಭಾನುವಾರ ನಿನ್ನ ರೇಸ್ ನೋಡಲು ಕೂತು ನಾವು ಮಾಡಿಕೊಂಡ ಎಡವಟ್ಟು ಕೇಳು. ಹೆಲ್ಮೆಟ್ಟು, ಕನ್ನಡಕ ಏರಿಸಿಕೊಂಡರೆ ಟೀವಿಯಲ್ಲಿ ನೀವೆಲ್ಲ ಒಂದೇ ಥರ ಕಾಣುತ್ತೀರಿ. ಇಷ್ಟು ದಿನ ನಿಮ್ಮ ತಂಡದ, ಹಳೇ ಕಂಪನಿಯ ಹಸಿರು ಸೈಕಲ್ಲುಗಳ ನಡುವೆ ಎತ್ತರದವಳನ್ನು ಹುಡುಕಿದರೆ ನೀನು ಸಿಗುತ್ತಿದ್ದೆ. ಮೊನ್ನೆಯೂ ಮುಂಚೂಣಿಯಲ್ಲಿ ಒಬ್ಬಳು ಎತ್ತರದವಳು, ಹಸಿರು ಸೈಕಲ್ಲು! "ಹಳೇದು ವಾಪಸ್ ಕೊಟ್ಟಿದಾರೆ!" ಎಂದು ಕಟಿಂಗ್ ಶಾಪಿನವರು ಕೂಗಿದರು, ನಮಗೆ ಅಷ್ಟೇ ಸಾಕಾಯಿತು. ಆ ಹಳೇ ಕಂಪನಿ ಈಗ ಬೇರೆ ತಂಡಕ್ಕೆ ಸೈಕಲ್ ಕೊಟ್ಟಿರಬಹುದೆಂದು ಒಬ್ಬರಿಗಾದರೂ ಹೊಳೆಯಬೇಡವೇ? ಅವಳು ಗೆದ್ದಾಗ ಅಪ್ಪ ಗಳಗಳನೆ ಅತ್ತುಬಿಟ್ಟರು. ಆಮೇಲೆ ಅವಳು ಹೆಲ್ಮೆಟ್ ತೆಗೆದಳು. ಯಾರದೋ ಮಗಳು. "ನೋಡಿದ್ರಾ, ನಾನು ಹೇಳ್ಲಿಲ್ವಾ, ಕಂಪನಿ!" ಎಂದು ಕಟಿಂಗ್ ಶಾಪಿನವರು ಮಾತ್ರ ಗೆದ್ದು ಹೋದರು.

ನನಗೆ ಹೊಟ್ಟೆಕಿಚ್ಚಾಯಿತು ಕಣೇ. ಅವಳು ಗೆದ್ದಳೆಂದಲ್ಲ. ಅವಳಮ್ಮ ಅಲ್ಲೇ ಬೇಲಿಯ ಪಕ್ಕ ನಿಂತಿದ್ದಳು, ತನ್ನ ಸೆರಗಿನಷ್ಟೇ ಹತ್ತಿರದಲ್ಲಿ ಮಗಳನ್ನು ಇಟ್ಟುಕೊಂಡು ಬೆವರು ಒರೆಸುತ್ತಿದ್ದಳು. ನಿನ್ನ ಮುಖ ಮುಟ್ಟಿ ಎಷ್ಟು ಕಾಲವಾಯಿತು. ನಿನ್ನ ಕೋಣೆಯ ಹಾಸಿಗೆ ಕೊಡವಿ ಹಾಸುತ್ತೇನೆ, ಮಲಗುವವರಿಲ್ಲ, ಮತ್ತೆ ಕೊಡವುತ್ತೇನೆ.

ಮೈ ಕಡೆ ಗಮನವಿರಲಿ. ಅಪ್ಪನ ಆಶೀರ್ವಾದ, ನನ್ನದು ಅದಕ್ಕಿಂತ ಒಂದು ಹಿಡಿ ಜಾಸ್ತಿ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ತಾ.ಕ.: ಅಪ್ಪ ಲಕೋಟೆಗೆ ಅಂಟು ತರಲು ಒಳಗೆ ಹೋಗಿದ್ದಾರೆ, ಬೇಗ ಬರೆದುಬಿಡುತ್ತೇನೆ. ನಿನ್ನೆ ಒಬ್ಬಳೇ ಕೂತು ಆ ರೇಸನ್ನು ಮತ್ತೆ ಹಾಕಿ ನೋಡಿದೆ. ಈ ಸಲ ಸೈಕಲ್ ನೋಡಲಿಲ್ಲ, ಬೆನ್ನುಗಳನ್ನು ನೋಡಿದೆ. ಸಿಕ್ಕಿದೆ ನೀನು, ಗುಂಪಿನ ಕೊನೆಯಲ್ಲಿ, ಎಡಭುಜ ಇಳಿಸಿಕೊಂಡು. ಚಿಕ್ಕವಳಿದ್ದಾಗ ಬಿದ್ದು ಮಂಡಿ ತರಚಿಕೊಂಡರೆ ಹೀಗೇ ಭುಜ ಇಳಿಸಿಕೊಂಡು ಬಂದು, "ಸೈಕಲ್ಲೇ ಸರಿ ಇಲ್ಲ ಅಪ್ಪಾ" ಎನ್ನುತ್ತಿದ್ದೆ. ಪಾಪ, ಅವರು ಸೈಕಲ್ ಬಿಚ್ಚಿ ಕೂರುತ್ತಿದ್ದರು. ಯಾವ ಕಾಲು, ಪುಟ್ಟೀ? ಎಷ್ಟು ದಿನದಿಂದ ನೋಯುತ್ತಿದೆ? ಡಾಕ್ಟರಿಗೆ ತೋರಿಸು, ಕೋಚ್‌ಗೂ ಹೇಳು. ತಂಡದಲ್ಲಿ ಜಾಗ ಹೋದರೆ ಹೋಗಲಿ. ಅಪ್ಪನಿಗೆ ನಾನಿನ್ನೂ ಹೇಳಿಲ್ಲ, ನೀನೇ ಬಂದು ಹೇಳು. ಸೈಕಲ್ ಅಲ್ಲೇ ಬಿಟ್ಟು ಬಾ, ನಾನು ಗುರುತು ಹಿಡಿಯುತ್ತೇನೆ.