ಹಿಂದಿನ ಕಡಿ

ಅಪ್ಪಾ,

ನಾನು ಮಲ್ಲು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ನಿನ್ನ ಕ್ಷೇಮ ಕೇಳುವ ಮುಖವಂತೂ ನನಗಿಲ್ಲ. ನೀನು ಹೋಗಿ ಏಳು ವರ್ಷವಾಯಿತು. ಈ ಏಳೂ ವರ್ಷ ಗೋರೆಗಾಂವಿನ ನಮ್ಮ ಚಾಳಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಬಸಪ್ಪ ಮಿಸ್ತ್ರಿಯನ್ನು ಕೊಂದದ್ದು ಎರಡಕ್ಷರದ ಒಂದು ಶಬ್ದ. ಮಿಸ್ತ್ರಿ ಕನ್ನಡದಲ್ಲಿ ಏನೋ ಹೇಳಿದ, ವೆಲ್ಡರ್ ವಿಠ್ಠಲ ಮರಾಠಿಯವ, ಅವನು ಬೇರೆ ಏನೋ ತಿಳಿದುಕೊಂಡು ಲಾರಿಯ ಚಾಸಿ ಕತ್ತರಿಸಿಬಿಟ್ಟ. ಕೇಳಿದವರು ಲೊಚಗುಟ್ಟುತ್ತಾರೆ, ಕೆಲವರು ನಗುವುದೂ ಉಂಟು. ನೀನೂ ಈ ಕಥೆಯನ್ನೇ ನಂಬಿಕೊಂಡು ಹೋದೆ. ಅದು ಸುಳ್ಳು, ಅಪ್ಪಾ. ಅದನ್ನು ಹೇಳಲಿಕ್ಕೇ ಈ ಪತ್ರ.

ಆ ಲಾರಿ ನಮ್ಮ ಗ್ಯಾರೇಜಿಗೆ ಬಂದ ದಿನ ನೆನಪಿದೆಯೇ? ಮಿಲಿಟರಿಯವರು ಎಂದೋ ಹರಾಜಿಗೆ ಹಾಕಿದ ಗಾಡಿ, ನನಗಿಂತ ವಯಸ್ಸಾದದ್ದು. ಉದ್ದ ಮೂಗು, ದುಂಡನೆಯ ಮಡ್‌ಗಾರ್ಡು. ಬೇರೆ ಲಾರಿಯ ಬಾಲಕ್ಕೆ ಹಗ್ಗ ಕಟ್ಟಿಸಿಕೊಂಡು ಬಂದಿತ್ತು. ನೀನು ಅದರ ಸುತ್ತ ಮೂರು ಸುತ್ತು ಬಂದು ಬಾನೆಟ್ಟಿನ ಮೇಲೆ ತಟ್ಟಿ, "ಇದರ ಕಬ್ಬಣ ನೋಡಲೇ ಮಲ್ಲು, ಈಗಿನ ಗಾಡಿ ಎಲ್ಲಾ ಇದರ ಮುಂದ ಬಿಸ್ಕೀಟಿನ ಡಬ್ಬಿ" ಎಂದೆ. ಹಿಂದೆಯೇ ಸಿನಿಮಾ ಕಂಪನಿಯವನು ಬಂದ. ಚಿತ್ರದಲ್ಲಿ ಹೀರೋ ಇದನ್ನು ಓಡಿಸುತ್ತಾನಂತೆ. ಫಾರಿನ್ ಪತ್ರಿಕೆಯೊಂದರಿಂದ ಹರಿದ ಹಾಳೆ ತೆಗೆದು ತೋರಿಸಿದ. ಅದರಲ್ಲಿ ಇಂಥದೇ ಒಂದು ಹಳೆಯ ಲಾರಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆಯೋ ಎನ್ನುವಷ್ಟು ತಗ್ಗು. "ಮಿಸ್ತ್ರೀಜೀ, ಐಸಾ ಚಾಹಿಯೇ. ಬಿಲ್ಕುಲ್ ಐಸಾ." ನೀನು ಹಾಳೆಯನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿ, "ಯಾಕ, ಇದರ ಗಾಲಿ ನೆಲದಾಗ ಹುಗದಾವೇನ?" ಎಂದು ಕೇಳಿದೆ. ವಿಠ್ಠಲ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಆ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡೆ.

ಮರುದಿನ ನೀನು ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದೆ. ಲಾರಿ ಇಳಿಸಲು ಎರಡು ದಾರಿ. ಆ ಹಳೇ ಗಾಡಿಯಲ್ಲಿ ಚಾಸಿಯು ಕಮಾನ್ ಪಟ್ಟಾ ಸ್ಪ್ರಿಂಗುಗಳ ತುದಿಗೆ ಕಬ್ಬಿಣದ ಕೊಂಡಿಗಳಿಂದ ತೂಗುಬಿದ್ದಿತ್ತು. ಆ ಕೊಂಡಿಗಳನ್ನು ತೆಗೆದು ಉದ್ದನೆಯವನ್ನು ಹಾಕಿದರೆ ಲಾರಿ ತಾನಾಗಿ ಕೆಳಗಿಳಿಯುತ್ತದೆ, ತೊಟ್ಟಿಲ ಹಗ್ಗ ಸಡಿಲ ಬಿಟ್ಟ ಹಾಗೆ. ಚಾಸಿಗೆ ಕೈ ಹಚ್ಚುವ ಕೆಲಸವಿಲ್ಲ. ಆದರೆ ಇಳಿಯುವುದು ನಾಲ್ಕೇ ಬೆರಳು. ಇನ್ನೊಂದು ದಾರಿ, ಹಿಂದಿನ ಆಕ್ಸಲಿನ ಮೇಲೆ ಚಾಸಿಯ ಎರಡೂ ಉದ್ದ ಪಟ್ಟಿಗಳನ್ನು ಕತ್ತರಿಸಿ, ನಡುವೆ ಕಮಾನಿನ ಹಾಗೆ ತುಂಡು ಕೂಡಿಸಿ ಬೆಸೆಯುವುದು. ಆಗ ಲಾರಿ ಒಂದು ಗೇಣು ಇಳಿಯುತ್ತದೆ, ಆ ಹಾಳೆಯಲ್ಲಿದ್ದ ಹಾಗೆ. ನೀನು ಎರಡನೆಯ ಚಿತ್ರವನ್ನು ಅಂಗೈಯಿಂದ ಒರೆಸಿಬಿಟ್ಟೆ. "ಮುದುಕನ ಬೆನ್ನಹುರಿ ಅದು. ಕಡದ ಮ್ಯಾಲೆ ಎಷ್ಟ ಬೆಸದ್ರೂ ಬೆಸಿಗಿ ಬೆಸಿಗೀನ." ಸಿನಿಮಾದವನು ಮುಖ ಸಣ್ಣದು ಮಾಡಿ, "ಚಾರ್ ಉಂಗ್ಲೀ ಮೇ ಕ್ಯಾ ದಿಖೇಗಾ?" ಎಂದಾಗ ನೀನು, "ಹೀರೋಗ ಸ್ವಲ್ಪ ಬಗ್ಗಿ ಕುಂಡ್ರು ಅನ್ರಿ" ಎಂದೆ. ಅವತ್ತು ನನಗೆ ನಿನ್ನ ಬಗ್ಗೆ ನಾಚಿಕೆಯಾಯಿತು. ಇಪ್ಪತ್ನಾಲ್ಕು ವಯಸ್ಸು ನನಗೆ. ಅಪ್ಪ ನೆಟ್ಟ ಆಲದ ಮರ ಅಂತ ಎಷ್ಟು ದಿನ ಜೋತುಬೀಳುವುದು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ವಿಠ್ಠಲನಿಗೆ ನೀನು ಕನ್ನಡ ಕಲಿಸುತ್ತಿದ್ದದ್ದು ಹೇಗೆ ಮರೆಯಲಿ? ಎಂಟು ವರ್ಷ ನಿನ್ನ ಪಕ್ಕದಲ್ಲಿ ನಿಂತು ಬೆಸುಗೆ ಹಾಕಿದವನು. ಅವನ ಮರಾಠಿಯಲ್ಲಿ ಕಡಿ ಎಂದರೆ ಕೊಂಡಿ, ಗ್ಯಾರೇಜಿನಲ್ಲಿ ನಾವೂ ಹಾಗೇ ಅನ್ನುತ್ತಿದ್ದೆವು. ನಮ್ಮ ಬಾಗಲಕೋಟೆ ಕಡೆಯ ಮಾತಿನಲ್ಲಿ ಕಡಿ ಎಂದರೆ ಕಡೆ, ಬದಿ. ಕಡಿ ಎಂದರೆ ಕತ್ತರಿಸು ಎಂದೂ ಆಗುತ್ತದೆ. ಈ ಒಂದು ಶಬ್ದ ಇಟ್ಟುಕೊಂಡು ನೀನು ಅವನನ್ನು ಎಷ್ಟು ಸತಾಯಿಸುತ್ತಿದ್ದೆ! "ಈ ಕಡಿ ಕಡಿ ಕಡಿ ಅಂದ್ರ ಏನ್ ಹೇಳೋ ವಿಠ್ಠಲಾ?" ಅವನು ಬೆರಳು ಮಡಚಿ ಎಣಿಸಿ, "ಹ್ಯಾ ಬಾಜೂಚೀ ಕಡೀ ಕಾಪ್", ಈ ಬದಿಯ ಕೊಂಡಿ ಕತ್ತರಿಸು, ಎಂದು ಸರಿಯಾಗಿ ಬಿಡಿಸಿದ ದಿನ ನೀನು ಎಲ್ಲರಿಗೂ ವಡಾಪಾವ್ ತರಿಸಿದೆ. ಊರಿನ ಮಾತಿನ ರುಚಿ ತಿಳಿದ ಮರಾಠಿಯವನು ಸಿಕ್ಕನೆಂದು ನಿನಗೆ ಎಷ್ಟು ಹೆಮ್ಮೆ.

ಆ ಬುಧವಾರ ಬೆಳಿಗ್ಗೆ ನೀನು ಬೊರಿವಲಿಗೆ ಹೊರಟೆ. ಅಲ್ಲಿಯ ಕಮ್ಮಾರನ ಹತ್ತಿರ ಉದ್ದನೆಯ ಕೊಂಡಿಗಳನ್ನು ಬಡಿಸಿಕೊಂಡು ಬರಬೇಕಾಗಿತ್ತು. ವಿಠ್ಠಲ ಗ್ರೈಂಡರ್ ಹಚ್ಚಿದ್ದ, ಕಿವಿಗಡಚಿಕ್ಕುವ ಸದ್ದು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಲೋಕಲ್ ರೈಲು ತಪ್ಪುತ್ತದೆಂದು ನೀನು ನಡೆಯುತ್ತಲೇ ಕೂಗಿದೆ: "ಹಿಂದಿನ ಕಡಿ ಕಡೀಬ್ಯಾಡ್ರಿ, ಕಡಿ ಹಾಕೂಣು. ನಾ ಬರೂತನಾ ಮುಟ್ಟಬ್ಯಾಡ್ರಿ." ಹಿಂಬದಿ ಕತ್ತರಿಸಬೇಡಿ, ಕೊಂಡಿ ಹಾಕೋಣ. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಲು ಸಾಧ್ಯ? ನೀನು ತಿರುವಿನಲ್ಲಿ ಮರೆಯಾದೆ. ವಿಠ್ಠಲ ಗ್ರೈಂಡರ್ ನಿಲ್ಲಿಸಿ ಕನ್ನಡಕ ಮೇಲೆ ಸರಿಸಿ ನೀನು ಏನಂದೆ ಎಂದು ಕೇಳಿದ: "ಮಿಸ್ತ್ರೀ ಕಾಯ್ ಮ್ಹಣಾಲೇ?"

"ಹಿಂದಿನ ಕಡಿ ಅಂದ್ರು" ಎಂದೆ ನಾನು. ಅಷ್ಟೇ ಅಂದೆ. ಆಮೇಲೆ ಚಾಸಿಯ ಮೇಲೆ ಅಂಗೈಯನ್ನು ಗರಗಸದ ಹಾಗೆ ಆಡಿಸಿದೆ.

"ಕಾಪಾಯ್ಚೀ?" ಕತ್ತರಿಸಬೇಕೇ ಎಂದು ಅವನು ಮತ್ತೊಮ್ಮೆ ಕೇಳಿದ. ಹುಬ್ಬು ಗಂಟಿಕ್ಕಿತ್ತು. ನಾನು ಗ್ಯಾಸ್ ಕಟರ್ ಎತ್ತಿ ಅವನ ಕೈಗೆ ಕೊಟ್ಟೆ. ನೀನು ಬರುವಷ್ಟರಲ್ಲಿ ಕೆಲಸ ಮುಗಿದುಹೋಗಿದ್ದರೆ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತೀ, ಲಾರಿ ನೋಡಿದ ಮೇಲೆ ನಿನಗೇ ಇಷ್ಟವಾಗುತ್ತದೆ ಅಂದುಕೊಂಡೆ. ನಿನ್ನನ್ನು ಒಂದು ಸಲ, ಒಂದೇ ಸಲ, ಸೋಲಿಸಬೇಕು ಎಂದಿತ್ತು.

ಮಧ್ಯಾಹ್ನ ನೀನು ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದದ್ದು ಕಣ್ಣ ಮುಂದೆಯೇ ಇದೆ. ಚೀಲದಲ್ಲಿ ಹೊಸ ಕೊಂಡಿಗಳು. ಅಷ್ಟರಲ್ಲಿ ಎರಡೂ ಪಟ್ಟಿ ತುಂಡಾಗಿ ಕಮಾನು ಕೂತಿತ್ತು. ನೀನು ಚೀಲ ಇಳಿಸಲೂ ಮರೆತು ನಿಂತೆ. "ಯಾರ್ ಕಡದವ್ರು?" ಎಂದೆ. ವಿಠ್ಠಲ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. "ನೀನ ಹಿಂದಿನ ಕಡಿ ಅಂದಿಯಲ್ಲಪಾ. ನೀ ಅಂದ ಶಬ್ದಾನ ನಾ ಅವಗ ಹೇಳೀನಿ. ಅವ ಕಡೀಲಿಕ್ಕ ಹೇಳ್ಯಾರ ಅಂತ ತಿಳ್ಕೊಂಡಾನ." ವಿಠ್ಠಲ ನನ್ನ ಮುಖ ನೋಡಿದ. ಆಮೇಲೆ ನಿನ್ನ ಮುಖ ನೋಡಿದ. ತಲೆ ಕೆಳಗೆ ಹಾಕಿದ.

ನೀನು ಅವನನ್ನು ಬೈಯಬಹುದಿತ್ತು, ನನ್ನ ಕೆನ್ನೆಗೆ ಬಾರಿಸಬಹುದಿತ್ತು. ನೀನು ನಿನ್ನ ಕೆನ್ನೆಗೇ ಎರಡು ಬಡಿದುಕೊಂಡೆ. "ನನ್ನ ನಾಲಗಿಗೆ ಬೆಂಕಿ ಹಚ್ಚಲಿ. ಒಂದ ಶಬ್ದ ಇಟಗೊಂಡು ದಿನಾ ಚ್ಯಾಷ್ಟಿ ಮಾಡ್ಕೋತ ಕುಂತೆ. ಅವಂದೇನ್ ತಪ್ಪು?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ನೀನೇ ಹೇಳಿಕೊಂಡೆ. ಮರುದಿನವೇ ಶೂಟಿಂಗ್, ಹೊಸ ಚಾಸಿ ಹುಡುಕಲು ವೇಳೆ ಇರಲಿಲ್ಲ. ಇಡೀ ಮಧ್ಯಾಹ್ನ ನೀನು ಬೆಸುಗೆಯ ಎರಡೂ ಬದಿಗೆ ದಪ್ಪನೆಯ ಪ್ಲೇಟು ಕೂಡಿಸಿ ಬೋಲ್ಟು ಹಾಕಿದೆ. ಪ್ಲೇಟು ಹಿಡಿದುಕೊಂಡು ನಿಂತವನು ನಾನೇ. ನಿನ್ನ ಕಿವಿ ನನ್ನ ಬಾಯಿಗೆ ಒಂದು ಮೊಳ ದೂರದಲ್ಲಿತ್ತು, ಅಪ್ಪಾ. ಅಪ್ಪಾ, ನಾನು ಬೇಕಂತಲೇ... ಎನ್ನಲು ಎಷ್ಟು ಹೊತ್ತು ಬೇಕಿತ್ತು? ಚಹಾ ಬಂತು, ಕುಡಿದೆವು. ನಾನು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಶೂಟಿಂಗಿನ ಇಳಿಜಾರು ರಸ್ತೆಯಲ್ಲಿ ಸಿನಿಮಾದವರೆಲ್ಲ ಲಾರಿ ಹತ್ತಲು ತಯಾರಾಗಿದ್ದರು. ನೀನು ಕೈ ಅಡ್ಡ ಹಿಡಿದೆ. "ಯಾರೂ ಹತ್ತಬ್ಯಾಡ್ರಿ. ತಪ್ಪ ನಂದ ಐತಿ, ಮೊದಲ ನಾನೊಬ್ಬನ ಓಡಿಸಿ ನೋಡ್ತೀನಿ." ಜನರ ಬದಲು ಉಸುಕಿನ ಚೀಲ ಹೇರಿಸಿದೆ. ನಾನು ಪಕ್ಕದ ಸೀಟಿಗೆ ಹತ್ತಿದರೆ, "ಇಳಿಯಲೇ" ಎಂದು ಗದರಿದೆ. ಇಳಿದೆ. ಬೆಳಗಿನ ಬಿಸಿಲಲ್ಲಿ ಲಾರಿ ಇಳಿಜಾರಿಗೆ ಹೊರಟಾಗ ಆ ಹಾಳೆಯಲ್ಲಿದ್ದ ಹಾಗೆಯೇ ಕಂಡಿತು. ಚೆಂದ ಕಂಡಿತು. ನನಗೆ ಹೆಮ್ಮೆ ಎನಿಸಿತು, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ತಿರುವಿನ ಹತ್ತಿರ ಟಪ್ ಎಂದು ಒಂದು ಸದ್ದು. ಪ್ಲೇಟಿನ ಅಂಚಿಗೆ ಸರಿಯಾಗಿ ಚಾಸಿ ಬಿಟ್ಟುಕೊಂಡಿತು, ಹಿಂಭಾಗ ಗಾಲಿಯ ಮೇಲೆ ಕುಸಿದು ಗಾಲಿ ಕಚ್ಚಿತು, ಲಾರಿ ಮಗುಚಿ ಚರಂಡಿಗೆ ಬಿತ್ತು. ನಾನು ಓಡಿ ತಲುಪುವಷ್ಟರಲ್ಲಿ ನೀನು... ಅದನ್ನು ಬರೆಯಲಾರೆ.

ನಿನ್ನ ದಿನಕರ್ಮಕ್ಕೆ ಬಂದವರ ನಡುವೆಯೇ ಆ ಕಥೆ ಹುಟ್ಟಿತು. ಹುಟ್ಟಿಸಿದವನು ನಾನು, ಬೆಳೆಸಿದವರು ಊರವರು. ಮರಾಠಿಯವನಿಗೆ ಕಡಿ ಎಂದರೆ ಮೊದಲು ಕೊಂಡಿಯೇ ಹೊಳೆಯಬೇಕಲ್ಲ, ಕತ್ತರಿಸುವುದು ಹೇಗೆ ಹೊಳೆಯಿತು ಎಂದು ಒಬ್ಬರೂ ಕೇಳಲಿಲ್ಲ. ವಿಠ್ಠಲ ಒಮ್ಮೆ ಏನೋ ಹೇಳಲು ಹೋದ. "ಎಂಟು ವರ್ಷ ಮಿಸ್ತ್ರಿ ಕೈಯಾಗ ಕನ್ನಡ ಕಲತಿ, ಇಷ್ಟ ತಿಳೀಲಿಲ್ಲೇನ?" ಎಂದು ನಮ್ಮವರೇ ಅವನ ಬಾಯಿ ಮುಚ್ಚಿಸಿದರು. ನೀನು ಅಕ್ಕರೆಯಿಂದ ಕಲಿಸಿದ ಭಾಷೆಯೇ ಅವನಿಗೆ ಮುಳುವಾಯಿತು. ಮಿಸ್ತ್ರಿಯನ್ನು ಕೊಂದ ವೆಲ್ಡರ್ ಎಂದು ಯಾವ ಗ್ಯಾರೇಜಿನವರೂ ಅವನನ್ನು ಸೇರಿಸಲಿಲ್ಲ. ಅವ್ವ ಅಂದಿನಿಂದ ಆ ಶಬ್ದವನ್ನೇ ಬಿಟ್ಟಿದ್ದಾಳೆ. ಆ ಕಡಿ, ಈ ಕಡಿ ಎನ್ನುವುದಿಲ್ಲ, ಬಾಜೂ ಎನ್ನುತ್ತಾಳೆ. ಯಾರಾದರೂ ಬಾಯಿ ತಪ್ಪಿ ಅಂದರೆ ಎದ್ದು ಒಳಗೆ ಹೋಗುತ್ತಾಳೆ. ನಾನು ಅವಳೆದುರು ಕೂತು ಏಳು ವರ್ಷ ರೊಟ್ಟಿ ತಿಂದೆ.

ಹೋದ ವಾರ ಪವಾಯಿಗೆ ಹೋಗಿದ್ದೆ. ಅಲ್ಲೀಗ ಗುಡ್ಡ ಅಗೆದು ಎತ್ತರದ ಬಿಲ್ಡಿಂಗುಗಳನ್ನು ಎಬ್ಬಿಸುತ್ತಿದ್ದಾರೆ. ಒಂದು ಗೇಟಿನಲ್ಲಿ ವಾಚ್‌ಮನ್ ಅಂಗಿ ತೊಟ್ಟು ವಿಠ್ಠಲ ಕುಳಿತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಏಳು ವರ್ಷದಿಂದ ಬಾಯಿಗೆ ಬಂದು ಒಳಗೆ ಹೋಗುತ್ತಿದ್ದದ್ದನ್ನು ಅಲ್ಲಿ ನಿಂತೇ ಹೇಳಿಬಿಟ್ಟೆ. ಅವನು ನೀನು ಕಲಿಸಿದ ಕನ್ನಡದಲ್ಲೇ ಉತ್ತರ ಕೊಟ್ಟ.

"ನಂಗ ಗೊತ್ತದ, ಮಲ್ಲು. ಕಟರ್ ಕೈಯಾಗ ಕೊಟ್ಟವ ನೀ."

"ಮತ್ತ ಅಪ್ಪನ ಮುಂದ ಅವತ್ತ ಯಾಕ ಹೇಳಲಿಲ್ಲ?"

"ಮಗ ಸುಳ್ಳ ಹೇಳ್ತಾನ ಅಂತ ಮಿಸ್ತ್ರೀಗ ಹ್ಯಾಂಗ ಹೇಳ್ಲಿ? ನೀನ ಹೇಳ್ತೀ ಅಂತ ಕಾಯ್ದೆ. ರಾತ್ರೀತನಾ ಕಾಯ್ದೆ. ಆಮ್ಯಾಲೆ ಮಿಸ್ತ್ರೀನ ಇರಲಿಲ್ಲ."

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದೆ ಎಳೆದುಕೊಂಡ. "ನಂಗ ಹೇಳಿ ಕಾಯ್ ಫಾಯ್ದಾ? ನಿಮ್ಮ ಅವ್ವಗ ಹೇಳು. ಚಾಳೀಗ ಹೇಳು. ನನ್ನ ಮಗಳ ಲಗ್ನಕ್ಕ ಗೋರೆಗಾಂವ್‌ದವರು ಒಬ್ಬರೂ ಬರಲಿಲ್ಲ." ಅಷ್ಟರಲ್ಲಿ ಸಿಮೆಂಟಿನ ಲಾರಿ ಹಾರ್ನ್ ಹೊಡೆಯಿತು. ಅವನು ಎದ್ದು ಗೇಟು ತೆಗೆಯಲು ಹೋದ. ಮತ್ತೆ ನನ್ನ ಕಡೆ ನೋಡಲಿಲ್ಲ.

ಇವತ್ತು ಬೆಳಿಗ್ಗೆ ಅವ್ವನಿಗೆ ಹೇಳಿದೆ. ಜೋಳದ ಹಿಟ್ಟು ನಾದುತ್ತಿದ್ದಳು. ಎಲ್ಲ ಹೇಳಿ ಮುಗಿಸಿದರೂ ಅವಳ ಕೈ ನಿಲ್ಲಲಿಲ್ಲ. ಕಿರುಚುತ್ತಾಳೆ, ಹಿಡಿ ಶಾಪ ಹಾಕುತ್ತಾಳೆ ಎಂದು ಕಾದೆ. ಹಾಕಿದ್ದರೆ ಒಳ್ಳೆಯದಿತ್ತು. ಅವಳು ಒಂದೇ ಪ್ರಶ್ನೆ ಕೇಳಿದಳು: "ಅವರಿಗೆ ಗೊತ್ತಿತ್ತೇನು, ಹೋಗೂಮುಂದ?"

"ಇಲ್ಲ. ತನ್ನ ನಾಲಗೀದ ತಪ್ಪು ಅಂತ ತಿಳಕೊಂಡ ಹೋದ."

ಅವಳು ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿದಳು. "ಹಂಗಾರ ಮೊದಲ ಅವರಿಗೆ ಹೇಳು. ಆಮ್ಯಾಲೆ ನನ್ನ ಕೂಡ ಮಾತಾಡು" ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಬರುವ ಭಾನುವಾರ ಪವಾಯಿಗೆ ಹೋಗಿ ವಿಠ್ಠಲನನ್ನೂ ಅವನ ಹೆಂಡತಿಯನ್ನೂ ಕೈಮುಗಿದು ಕರೆತರುತ್ತೇನೆ. ಅವನು ಬರದಿದ್ದರೂ ಚಾಳಿನ ನಡುವೆ ನಿಂತು ಎಲ್ಲರೆದುರು ಹೇಳುತ್ತೇನೆ. ಅವರು ನನ್ನನ್ನು ಏನು ಮಾಡಿದರೂ ಸರಿ. ಅವ್ವ ಇನ್ನು ನನ್ನೊಡನೆ ಮಾತಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಆದರೆ ನಿನಗೆ ಇದು ಗೊತ್ತಾಗಲಿ, ಅಪ್ಪಾ. ನಿನ್ನ ನಾಲಗೆ ಯಾವ ತಪ್ಪನ್ನೂ ಮಾಡಲಿಲ್ಲ. ನೀನು ಸರಿಯಾಗಿಯೇ ಹೇಳಿದ್ದೆ. ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ.